ಮನೆಯ ದುಃಖ ಗೋಡೆಗೇಕೆ?

ಕಲಬುರಗಿಯ ಕಲಾವಿದೆಯೊಬ್ಬರು ಗಂಡ ತೀರಿಹೋಗುವ ಮುಂಚಿನ ಆಸ್ಪತ್ರೆಯ ದಿನಗಳನ್ನು ಚಿತ್ರ ಮಾಡಿದ್ದಾರೆ. ಕಳೆದ ಸಂಚಿಕೆಯಲ್ಲಿ ಅವರ ಬಗ್ಗೆ ಬರೆದಿದ್ದೆವು. ಅದನ್ನು ಓದಿ ಸೇಡಂನ ನಿವೃತ್ತ ಮಾಸ್ತರರು ಕೇಳಿದ್ದಾರೆ: ‘ಮನೆಯ ದುಃಖ ಮನೆಯಲ್ಲೇ ಇರಬೇಕು. ಗೋಡೆಗೆ ತೂಗುಹಾಕಿ ಕನಿಕರ ಗಿಟ್ಟಿಸುವುದು ಕಲೆಯೇ?’

ಮಾಸ್ತರರೇ, ಮನೆಯವರ ಕಷ್ಟ ಬೀದಿಗೆ ಬರಬಾರದು ಅನ್ನುವುದು ನಮ್ಮ ಕಡೆಯ ಮರ್ಯಾದೆ. ಅದನ್ನು ಒಪ್ಪುತ್ತೇನೆ. ಆದರೆ ಚಿತ್ರಗಳನ್ನು ನೋಡಿಲ್ಲ ಅಂತ ನೀವೇ ಬರೆದಿದ್ದೀರಿ. ನಾನು ನೋಡಿದ್ದೇನೆ. ಅವುಗಳಲ್ಲಿ ಗಂಡನ ಮುಖವೇ ಇಲ್ಲ. ಒಂದರಲ್ಲಿ ಆಸ್ಪತ್ರೆಯ ಕಿಟಕಿ, ಅದರ ಕಟ್ಟೆ ಮೇಲೆ ಮುಚ್ಚಳ ತೆಗೆಯದ ಸ್ಟೀಲ್ ಡಬ್ಬಿ. ಡಬ್ಬಿಯ ಮೈಮೇಲೆ ಆಕೆಯದೇ ಮುಖ ಸೊಟ್ಟಗೆ, ಉದ್ದಕ್ಕೆ ಕಾಣುತ್ತದೆ. ಆ ಮುಖದಲ್ಲಿ ಅಳು ಇಲ್ಲ. ಸಿಟ್ಟಿದೆ, ‘ಇನ್ನೆಷ್ಟು ದಿನ’ ಅನ್ನುವ ದಣಿವಿದೆ. ಸೇವೆ ಮಾಡುವ ಹೆಂಡತಿ ಯಾರ ಮುಂದೆಯೂ ಬಾಯಿಬಿಡದ ಮಾತು ಅದು. ಕನಿಕರ ಬೇಕಾದವರು ಹೀಗೆ ಬಿಡಿಸುತ್ತಾರಾ? ಆಕೆ ಪ್ರಶ್ನೆ ಕೇಳಿಕೊಂಡಿರುವುದು ತನ್ನನ್ನೇ.

ಬಂದ ಕಷ್ಟವೆಲ್ಲ ಸುಮ್ನೆ ಕಲೆಯಾಗುವುದಿಲ್ಲ. ಬೀದರಿನ ಬಿದ್ರಿ ಕೆಲಸ ನೋಡಿ. ಸತು, ತಾಮ್ರ ಸೇರಿಸಿ ಎರಕ ಹೊಯ್ದ ಪಾತ್ರೆ ಮೊದಲು ಮಂಕಾಗಿರುತ್ತದೆ. ಉಳಿಯಿಂದ ಕೊರೆದು, ಬೆಳ್ಳಿ ತಂತಿ ಕೂರಿಸಿ, ಉಜ್ಜಿ, ಕೊನೆಗೆ ಬಿಸಿ ಮಾಡಿ ಕೋಟೆಯ ಮಣ್ಣು, ನವಸಾಗರ ಕಲಸಿದ ನೀರು ತಾಗಿಸುತ್ತಾರೆ. ಆಗ ಪಾತ್ರೆ ಕಪ್ಪಾಗುತ್ತದೆ, ಬೆಳ್ಳಿ ಹಾಗೇ ಉಳಿಯುತ್ತದೆ. ಕೊರೆದ ಕೈ ಇಲ್ಲದಿದ್ದರೆ ಅದು ಬರೀ ಕಪ್ಪು ಪಾತ್ರೆ.

ನಮ್ಮ ಗೀತಾ ನಾಗಭೂಷಣ ಅವರನ್ನೇ ತಗೊಳ್ಳಿ. 1942ರಲ್ಲಿ ಸಾವಳಗಿಯಲ್ಲಿ ಹುಟ್ಟಿದ ಗಿರಣಿ ಕಾರ್ಮಿಕನ ಮಗಳು. ಕಂಡುಂಡ ಬಡತನವನ್ನು ಇಲ್ಲಿನ ಹೆಂಗಸರ ಬಾಯಿಮಾತಿನಲ್ಲೇ ಬರೆದರು. ‘ಬದುಕು’ ಕಾದಂಬರಿಗೆ 2004ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅವರು ಸಂಕೋಚದಿಂದ ಬಾಯಿ ಮುಚ್ಚಿಕೊಂಡಿದ್ದರೆ ಈ ಸೀಮೆಯ ಕೂಲಿ ಹೆಂಗಸರ ಬಾಳು ಪುಸ್ತಕಕ್ಕೆ ಬರುತ್ತಲೇ ಇರಲಿಲ್ಲ, ಅಲ್ವಾ?

ನನ್ನ ಸಂಕಟ ಬೇರೆ ಇದೆ. ಕಲಾವಿದರ ಕಷ್ಟದ ಕಥೆ ಕೇಳಲು ನಮಗೆ ಜಾಸ್ತಿ ಆಸೆ, ಅವರ ಕೆಲಸ ನೋಡಲು ಪುರುಸೊತ್ತಿಲ್ಲ. ಆ ಲೇಖನಕ್ಕೆ ಬಂದ ಉಳಿದ ಪತ್ರಗಳಲ್ಲೂ ‘ಪಾಪ’ ಅನ್ನುವ ಮಾತೇ ಇದೆ, ಬಣ್ಣದ ಬಗ್ಗೆ ಒಂದು ಸಾಲಿಲ್ಲ. ಇದೇ ಕಲಬುರಗಿಯಲ್ಲಿ ಹುಟ್ಟಿದ ಚಿತ್ರಕಾರ ಎಸ್.ಎಂ. ಪಂಡಿತರು ಹೆಸರು ಮಾಡಿದ್ದು ಮುಂಬೈಯಲ್ಲಿ. ಅವರ ಹೆಸರಿನ ರಂಗಮಂದಿರಕ್ಕೆ ಸಮಾರಂಭಗಳಿಗೆ ಹೋಗಿಬರುವ ನಮ್ಮಲ್ಲಿ ಎಷ್ಟು ಜನ ಅವರ ಒಂದು ಮೂಲ ಚಿತ್ರವನ್ನಾದರೂ ಕಣ್ಣಾರೆ ಕಂಡಿದ್ದೇವೆ? ಮನೆ ಕಟ್ಟಿಸುವಾಗ ಸೀಲಿಂಗ್‌ಗೆ ಲಕ್ಷ ಸುರಿಯುತ್ತೇವೆ. ಊರಿನ ಕಲಾವಿದರ ಒಂದು ಚಿತ್ರಕ್ಕೆ ಐದು ಸಾವಿರ ಅಂದರೆ ಚೌಕಾಸಿ ಶುರು.

ನಾವು ಬರೆದ ಆ ಕಲಾವಿದೆಯ ಪ್ರದರ್ಶನದಲ್ಲೂ ಒಂದು ಚಿತ್ರವೂ ಮಾರಾಟವಾಗಲಿಲ್ಲ. ಕೇಳಿದವರಿಗೆ ಆಕೆ ಈಗಲೂ ತೋರಿಸುತ್ತಾರೆ. ಕಲಬುರಗಿಗೆ ಬಂದಾಗ ಕಚೇರಿಗೆ ಬನ್ನಿ, ಇಬ್ಬರೂ ಹೋಗೋಣ. ನೋಡಿದ ಮೇಲೂ ನಿಮಗೆ ಹಾಗೇ ಅನ್ನಿಸಿದರೆ ಮತ್ತೆ ಬರೆಯಿರಿ. ಅದನ್ನೂ ಅಚ್ಚು ಹಾಕುತ್ತೇನೆ.

– ಸಂ.