ಪೊಲೀಸರು ಹೋದ್ಮೇಲೆ ಆ ರೂಮನ್ನ ತೊಳೆಯೋರು ಯಾರು?

ಪ್ರಶ್ನೆ: ನಮ್ಮ ಚಿಕ್ಕಪ್ಪನ ಮೇಲೆ ಅವರ ಬಾಡಿಗೆ ಮನೇಲೇ ಹಲ್ಲೆ ಆಗಿ ತೀರಿಕೊಂಡ್ರು. ಪೊಲೀಸ್ನೋರು ಲ್ಯಾಬ್‌ನೋರು ಬಂದು ಮೂರು ದಿನ ಮನೆ ಸೀಲ್ ಮಾಡಿಟ್ಟು ಆಮೇಲೆ ಕೀ ಕೊಟ್ಟು ಹೋದ್ರು. ಬಾಗಿಲು ತೆಗೆದ್ರೆ ರಕ್ತ ಹೆಂಗಿತ್ತೋ ಹಂಗೇ ಇದೆ, ಗೋಡೆ ಬಾಗಿಲು ಬೀರು ಎಲ್ಲಾ ಕಪ್ಪು ಪುಡಿ. ಚಿಕ್ಕಮ್ಮ ಬಕೆಟ್ ಹಿಡ್ಕೊಂಡು ನಾನೇ ಒರೆಸ್ತೀನಿ ಅಂತಿದ್ದಾರೆ. ಓನರ್ ಕೇಳಿದ್ರೆ ನಂಗೂ ಇದಕ್ಕೂ ಸಂಬಂಧ ಇಲ್ಲ ಅಂತಾರೆ. ಇದನ್ನೆಲ್ಲಾ ಕ್ಲೀನ್ ಮಾಡೋದು ಪೊಲೀಸರ ಕೆಲಸ ಅಲ್ವಾ?

ಉತ್ತರ: ಮೊದಲು ಚಿಕ್ಕಮ್ಮನ ಕೈಯಿಂದ ಆ ಬಕೆಟ್ ಇಸ್ಕೊಳ್ಳಿ, ಉಳಿದಿದ್ದೆಲ್ಲಾ ಆಮೇಲೆ. ಗಂಡನ ರಕ್ತ ಹೆಂಡತಿ ಒರೆಸೋ ಪರಿಸ್ಥಿತಿ ಯಾರಿಗೂ ಬರಬಾರದು, ಆದ್ರೆ ಎಷ್ಟೋ ಮನೆಗಳಲ್ಲಿ ನಡೆಯೋದು ಇದೇ, ಯಾಕಂದ್ರೆ ಅಲ್ಲ, ಇದು ಪೊಲೀಸರ ಕೆಲಸ ಅಲ್ಲ. ಹೆಚ್ಚುಕಮ್ಮಿ ಎಲ್ಲಾ ದೇಶದಲ್ಲೂ ಇದೇ ಕಥೆ. ಅವರು ಫೋಟೋ ತೆಗೀತಾರೆ, ಸ್ಯಾಂಪಲ್ ತಗೋತಾರೆ, ಬೆರಳಚ್ಚು ಎತ್ತುತಾರೆ, ಕೇಸಿಗೆ ಬೇಕಾದ ವಸ್ತು ಸೀಲ್ ಮಾಡಿ ತಗೊಂಡು ಹೋಗ್ತಾರೆ, ಅಲ್ಲಿಗೆ ಅವರ ಕೆಲಸ ಮುಗೀತು. ಶವ ಸಾಗಿಸೋರು ಶವ ಮಾತ್ರ ತಗೊಂಡು ಹೋಗ್ತಾರೆ. ಮಿಕ್ಕಿದ್ದು ಆ ಜಾಗ ಯಾರದ್ದೋ ಅವರ ತಲೆ ಮೇಲೆ. ಹಿಂಗಾಗುತ್ತೆ ಅಂತ ಕೀ ಕೊಡುವಾಗ ಒಂದು ಮಾತು ಹೇಳಿದ್ರೂ ಮನೆಯವರು ತಯಾರಾಗಿ ಬಾಗಿಲು ತೆಗೀತಿದ್ರು, ಅದನ್ನೂ ಹೇಳಲ್ಲ ಅನ್ನೋದು ನಂಗೆ ತುಂಬಾ ನೋವು ಕೊಡೋ ವಿಷಯ.

ಕೆಲಸ ಮಾಡೋ ಜಾಗದಲ್ಲಿ ಆದ್ರೆ ಮಾಲೀಕರು ನೋಡ್ಕೋಬೇಕು, ರಸ್ತೇಲಿ ಆದ್ರೆ ರಸ್ತೆ ಯಾರ ಸುಪರ್ದಿನಲ್ಲಿದೆಯೋ ಆ ಸ್ಥಳೀಯ ಆಡಳಿತ, ಸ್ವಂತ ಮನೆ ಆದ್ರೆ ಮನೆಯವರು. ನಿಮ್ಮದು ಬಾಡಿಗೆ ಮನೆ, ಅದೇ ಸ್ವಲ್ಪ ಕಗ್ಗಂಟು. ಓನರ್ ಸಂಬಂಧಾನೇ ಇಲ್ಲ ಅಂತ ಕೈ ತೊಳ್ಕೊಳ್ಳೋದು ಸರಿಯಲ್ಲ, ನೆಲ ಗೋಡೆ ಬಾಗಿಲು ಅವರ ಆಸ್ತಿನೇ ತಾನೇ, ಹಾಸಿಗೆ ಬಟ್ಟೆ ಸಾಮಾನು ನಿಮ್ಮ ಚಿಕ್ಕಮ್ಮಂದು. ಖರ್ಚು ಯಾರು ಎಷ್ಟು ಹಾಕ್ಬೇಕು ಅನ್ನೋದು ಬಾಡಿಗೆ ಕರಾರಲ್ಲಿ ಏನಿದೆ, ನಿಮ್ಮಲ್ಲಿನ ಕಾನೂನು ಏನು ಹೇಳುತ್ತೆ ಅನ್ನೋದರ ಮೇಲೆ ಹೋಗುತ್ತೆ, ಅದಕ್ಕೆ ಕರಾರು ಪತ್ರ ತಗೊಂಡು ಒಬ್ಬ ವಕೀಲರ ಹತ್ರ ಕೂತ್ಕೊಳ್ಳಿ. ಓನರ್ ಆ ಕಟ್ಟಡಕ್ಕೆ ಇನ್ಶೂರೆನ್ಸ್ ಮಾಡ್ಸಿದ್ದಾರಾ ಅಂತಾನೂ ಕೇಳಿ, ಕೆಲವು ಪಾಲಿಸಿಗಳಲ್ಲಿ ಇಂಥ ಕ್ಲೀನಿಂಗ್ ಖರ್ಚು ಸೇರಿರುತ್ತೆ. ಹಲ್ಲೆ ಮಾಡಿದವನ ಕೈಲೇ ದುಡ್ಡು ಕೊಡಿಸೋಕೆ ಆಗಲ್ವಾ ಅಂತ ಅನ್ಸುತ್ತೆ, ನ್ಯಾಯವಾಗಿ ಅವನೇ ಕೊಡ್ಬೇಕು, ಕೋರ್ಟ್ ಪರಿಹಾರ ಕೊಡು ಅಂತ ಹೇಳಲೂಬಹುದು, ಆದ್ರೆ ಕೇಸ್ ಮುಗಿಯೋ ತನಕ ನೆಲ ಹಾಗೇ ಬಿಡೋಕಾಗುತ್ತಾ?

ಇದಕ್ಕೇನೇ ಕೆಲವು ಕಡೆ ಸರ್ಕಾರಿ ನಿಧಿ ಇದೆ. ಅಮೆರಿಕದಲ್ಲಿ 1984ರ ಅಪರಾಧ ಸಂತ್ರಸ್ತರ ಕಾಯ್ದೆಯಿಂದ ಒಂದು ನಿಧಿ ಶುರುವಾಯ್ತು, ಅದರಲ್ಲಿ ಮುಖ್ಯವಾಗಿ ಅಪರಾಧಿಗಳು ಕಟ್ಟೋ ದಂಡದ ದುಡ್ಡು ಸೇರುತ್ತೆ, ಅಲ್ಲಿನ ಹಲವು ರಾಜ್ಯಗಳಲ್ಲಿ ಮನೆ ಕ್ಲೀನ್ ಮಾಡ್ಸಿದ ಬಿಲ್ಲನ್ನೂ ಪರಿಹಾರವಾಗಿ ಕೊಡ್ತಾರೆ. ತಪ್ಪು ಮಾಡಿದವರ ದುಡ್ಡಿಂದಾನೇ ನೊಂದವರ ಮನೆ ತೊಳೆಸೋದು, ಇದಕ್ಕಿಂತ ಸರಿಯಾದ ದಾರಿ ನಂಗಂತೂ ಕಾಣಲ್ಲ. ನಿಮ್ಮಲ್ಲೂ ಸಂತ್ರಸ್ತರ ಪರಿಹಾರ ಯೋಜನೆ ಇದೆಯಾ ಅಂತ ತನಿಖಾಧಿಕಾರಿನ ಕೇಳಿ, ಕೇಳದೇ ಇದ್ರೆ ಯಾರೂ ತಾವಾಗೇ ಬಂದು ಹೇಳಲ್ಲ.

ಅವರ ಹತ್ರಾನೇ ಇನ್ನೊಂದು ಕೆಲಸ ಇದೆ. ಕೀ ಕೊಟ್ಟಿದ್ದಾರೆ ನಿಜ, ಆದ್ರೂ ಇನ್ನು ಕ್ಲೀನ್ ಮಾಡಬಹುದು ಅಂತ ಬರವಣಿಗೇಲಿ ತಗೊಳ್ಳಿ. ತನಿಖೆ ಬಾಕಿ ಇರುವಾಗ ತೊಳೆದುಬಿಟ್ರೆ ಸಾಕ್ಷ್ಯ ನಾಶ ಮಾಡಿದ್ರು ಅನ್ನೋ ಮಾತು ಮನೆಯವರ ಮೇಲೇ ಬರುತ್ತೆ, ನೊಂದವರಿಗೆ ಇದೊಂದು ಬಾಕಿ ಇತ್ತು ಅನ್ನೋ ಹಂಗಾಗುತ್ತೆ. ಒಳಗೆ ಏನನ್ನೂ ಮುಟ್ಟೋ ಮೊದಲು ಪ್ರತಿ ರೂಮಿಂದೂ ಫೋಟೋ ತೆಗೆದಿಡಿ, ಕ್ಲೇಮ್‌ಗೆ ಬೇಕಾಗುತ್ತೆ. ಇದನ್ನೂ ಚಿಕ್ಕಮ್ಮನ ಕೈಲಿ ಮಾಡಿಸ್ಬೇಡಿ.

ಇಂಥ ಕೆಲಸಕ್ಕೆ ಅಂತಾನೇ ಟ್ರೈನಿಂಗ್ ಆದ ಏಜೆನ್ಸಿಗಳಿವೆ, ಸಿಕ್ಕಿದ್ರೆ ಅವರನ್ನೇ ಕರೆಸಿ. ಯಾಕೆ ಇಷ್ಟು ಒತ್ತಿ ಹೇಳ್ತೀನಿ ಅಂದ್ರೆ ಒಣಗಿದ ರಕ್ತ ನೋಡಿ ಇದರಲ್ಲಿ ಇನ್ನೇನಿದೆ ಅಂದ್ಕೋತೀವಿ, ಆದ್ರೆ ಲಿವರ್ ಕಾಯಿಲೆ ತರೋ ಹೆಪಟೈಟಿಸ್ ಬಿ ವೈರಸ್ ಮೈಯಿಂದ ಹೊರಗೆ ಬಿದ್ಮೇಲೂ ಕಡಿಮೆ ಅಂದ್ರೆ 7 ದಿನ ಸೋಂಕು ತರೋ ಶಕ್ತಿ ಇಟ್ಕೊಂಡಿರುತ್ತೆ, ಹೆಪಟೈಟಿಸ್ ಸಿ ಅಂತೂ ಕೆಲವು ವಾರಗಳವರೆಗೂ. ಇನ್ನೊಂದು, ಮೇಲೆ ಕಾಣೋ ಕಲೆ ಪೂರ್ತಿ ಅಲ್ಲ. ರಕ್ತ ಕಾರ್ಪೆಟ್ ಒಳಗೆ ಇಳಿದು ಅಡಿಯಲ್ಲಿ ಅಗಲವಾಗಿ ಹರಡಿರುತ್ತೆ, ಮರದ ನೆಲದ ಸಂದೀಲಿ, ಟೈಲ್ಸ್ ನಡುವಿನ ಗೆರೇಲಿ ಕೂತಿರುತ್ತೆ, ಮೇಲೆ ಒರೆಸಿ ಬಿಟ್ರೆ ಕೆಲವು ದಿನಕ್ಕೆ ವಾಸನೆ ಶುರು. ಹಾಸಿಗೆ, ದಿಂಬು, ಸೋಫಾ ಕುಶನ್ ಇಂಥದ್ದೆಲ್ಲಾ ತೊಳೆದು ಉಳಿಸೋಕಾಗಲ್ಲ, ಅದನ್ನ ಆಸ್ಪತ್ರೆ ಕಸದ ಥರ ಬೇರೆ ಮಾಡಿ ಸಾಗಿಸ್ಬೇಕು, ಮಾಮೂಲಿ ಕಸದ ಡಬ್ಬಿಗೆ ಹಾಕಿದ್ರೆ ಕಸ ಎತ್ತೋರಿಗೆ ಅಪಾಯ.

ಏಜೆನ್ಸಿ ಸಿಗಲ್ಲ, ಕಲೆನೂ ಚಿಕ್ಕದು ಅಂದ್ರೆ ಮನೆಯವರಲ್ಲಿ ಗಟ್ಟಿ ಮನಸ್ಸಿನ ಒಬ್ರು ದಪ್ಪ ಗ್ಲೌಸ್, ಮಾಸ್ಕ್, ಕಣ್ಣಿಗೆ ಕನ್ನಡಕ ಹಾಕ್ಕೊಂಡು ಮಾಡಬಹುದು. ಒಣಗಿದ್ದನ್ನ ಕೆರೀಬೇಡಿ, ಪುಡಿ ಏಳುತ್ತೆ, ಒದ್ದೆ ಮಾಡಿ ತೆಗೀರಿ, ತಣ್ಣೀರಲ್ಲೇ, ಬಿಸಿನೀರು ಹಾಕಿದ್ರೆ ಕಲೆ ಕಚ್ಕೊಳ್ಳುತ್ತೆ. ರಕ್ತ ಎಲ್ಲಾ ತೆಗೆದಾದ್ಮೇಲೆ 1 ಪಾಲು ಲಿಕ್ವಿಡ್ ಬ್ಲೀಚ್‌ಗೆ (ಪುಡಿ ಅಲ್ಲ) 9 ಪಾಲು ನೀರು ಹಾಕಿ ಆ ಜಾಗ 10 ನಿಮಿಷ ನೆನೆಯೋಕೆ ಬಿಡಿ, ರಕ್ತ ಇರುವಾಗಲೇ ಸುರಿದ್ರೆ ಬ್ಲೀಚ್ ಶಕ್ತಿ ಅದರಲ್ಲೇ ಕಳೆದುಹೋಗುತ್ತೆ. ಬ್ಲೀಚ್ ಜೊತೆ ಟಾಯ್ಲೆಟ್ ತೊಳೆಯೋ ಆಸಿಡ್ ಆಗಲಿ ಅಮೋನಿಯಾ ಇರೋ ಲಿಕ್ವಿಡ್ ಆಗಲಿ ಸೇರಿಸಲೇಬೇಡಿ, ವಿಷದ ಗಾಳಿ ಬರುತ್ತೆ, ಕಿಟಕಿ ತೆಗೆದಿರಲಿ. ಆ ಕಪ್ಪು ಪುಡಿ ಬೆರಳಚ್ಚಿಗೆ ಹಾಕಿರೋದು, ಒದ್ದೆ ಬಟ್ಟೇಲಿ ಉಜ್ಜಿದ್ರೆ ಮೆತ್ಕೊಂಡು ಇನ್ನೂ ಹರಡುತ್ತೆ, ಅದಕ್ಕೆ ಮೊದಲು ವ್ಯಾಕ್ಯೂಮ್ ಹಿಡಿದು ಎಳೆದು ಆಮೇಲೆ ಪಾತ್ರೆ ಸೋಪಿನ ನೀರಲ್ಲಿ ಒರೆಸಿ.

ಪ್ರಶ್ನೆ: ಮನೆಕೆಲಸದವರಿಗೆ ಸ್ವಲ್ಪ ಹೆಚ್ಚಿಗೆ ದುಡ್ಡು ಕೊಟ್ಟು ಮಾಡಿಸಿದ್ರೆ ಆಗಲ್ವಾ ಅಂತ ಓನರ್ ಕೇಳ್ತಿದ್ದಾರೆ.

ಉತ್ತರ: ಬೇಡ, ದಯವಿಟ್ಟು ಬೇಡ. ನಿಮಗೆ ಅಪಾಯ ಆಗೋ ವೈರಸ್ ಅವರಿಗೂ ಅಷ್ಟೇ ಅಪಾಯ, ಅವರಿಗೆ ಟ್ರೈನಿಂಗೂ ಇಲ್ಲ, ಲಸಿಕೆನೂ ಆಗಿರಲ್ಲ, ದುಡ್ಡಿನ ಕಷ್ಟಕ್ಕೆ ಇಲ್ಲ ಅನ್ನೋಕೂ ಆಗಲ್ಲ. ಅಮೆರಿಕದಲ್ಲಿ 1991ರಲ್ಲೇ ನಿಯಮ ಮಾಡಿದ್ದಾರೆ, ಕೆಲಸದಲ್ಲಿ ರಕ್ತ ಮುಟ್ಟಬೇಕಾದ ಸಂದರ್ಭ ಇರೋರಿಗೆ ಹೆಪಟೈಟಿಸ್ ಬಿ ಲಸಿಕೆ, ಗ್ಲೌಸ್ ಮಾಸ್ಕ್, ತರಬೇತಿ ಎಲ್ಲಾ ಕೆಲಸ ಕೊಡೋರೇ ತಮ್ಮ ಖರ್ಚಲ್ಲಿ ಒದಗಿಸ್ಬೇಕು ಅಂತ. ಇಷ್ಟನ್ನ ಕೊಡೋಕೆ ನಿಮ್ಮ ಓನರ್ ತಯಾರಿದ್ದಾರಾ ಅಂತ ಕೇಳಿ, ಇಲ್ಲ ಅಂದ್ರೆ ಏಜೆನ್ಸಿಗೇ ಫೋನ್ ಮಾಡಿಸಿ.

ಮತ್ತೆ ಸಾಮಾನು ಬಿಸಾಕೋ ಮೊದಲು ಚಿಕ್ಕಪ್ಪನ ಫೋಟೋ, ವಾಚು, ಕಾಗದ ಪತ್ರ ಯಾವ್ಯಾವುದು ಬೇಕು ಅಂತ ಚಿಕ್ಕಮ್ಮನ್ನ ಹೊರಗಡೇನೇ ಕೂರಿಸಿ ಕೇಳಿ ಬರ್ಕೊಳ್ಳಿ. ಲೋಹ, ಗಾಜಿನದ್ದು ಒರೆಸಿ ಉಳಿಸಬಹುದು. ಒಳಗೆ ಹೋಗಿ ತರೋದು ನೀವು.