ಓದುಗರ ಪ್ರಶ್ನೆ: 'ವಾಚ್‌ಮೆನ್' ಅಷ್ಟೊಂದು ದೊಡ್ಡ ಕೃತಿಯೇ?

ಹಿಂದಿನ ಸಂಚಿಕೆಯ ಒಂದು ಉತ್ತರದಲ್ಲಿ "ವಾಚ್‌ಮೆನ್ ಚೆನ್ನಾಗಿದೆ, ಆದರೆ ಹೊಗಳಿಕೆ ಒಂದು ಸುತ್ತು ಜಾಸ್ತಿಯಾಯಿತು" ಎಂದು ಬರೆದಿದ್ದೆವು. ಮೈಸೂರು, ಮಂಡ್ಯ ಕಡೆಯಿಂದ ಬಂದ ಪತ್ರಗಳಲ್ಲಿ ಅರ್ಧ ಬೈಗುಳ, ಅರ್ಧ ಶಹಬ್ಬಾಸ್. ಎರಡರಿಂದಲೂ ಆರಿಸಿದ್ದೇವೆ. ಪುಸ್ತಕ ಕಾಣದವರಿಗೆ ಇಷ್ಟು: ಬರವಣಿಗೆ ಅಲನ್ ಮೂರ್, ಚಿತ್ರ ಡೇವ್ ಗಿಬ್ಬನ್ಸ್, ಬಣ್ಣ ಜಾನ್ ಹಿಗಿನ್ಸ್. 1986–87ರಲ್ಲಿ ಅಮೆರಿಕದ ಡಿಸಿ ಕಾಮಿಕ್ಸ್ ಇದನ್ನು 12 ಬಿಡಿ ಸಂಚಿಕೆಗಳಾಗಿ ತಂದಿತು, ಆಮೇಲೆ ಒಂದೇ ಪುಸ್ತಕವಾಗಿ ಕಟ್ಟಿತು. ಒಂದು ಕಾಲದಲ್ಲಿ ಮುಖವಾಡ ಹಾಕಿಕೊಂಡು ಊರು ಕಾಯುತ್ತಿದ್ದ ಕೆಲವರು, ಅವರಲ್ಲೊಬ್ಬನ ಕೊಲೆ, ಅದರ ಹಿಂದೆ ಅಣುಯುದ್ಧ ತಪ್ಪಿಸಲು ಹೆಣೆದ ಭಯಂಕರ ಸಂಚು. ಇನ್ನೂ ಓದಬೇಕೆಂದಿರುವವರು ಮಳವಳ್ಳಿ, ಮಾನಸಗಂಗೋತ್ರಿ, ಶ್ರೀರಂಗಪಟ್ಟಣದ ಪ್ರಶ್ನೆಗಳನ್ನು ಹಾರಿಸಿಬಿಡಿ.

ಟೈಮ್ ಪತ್ರಿಕೆಯ 100 ಕಾದಂಬರಿಗಳ ಪಟ್ಟಿಯಲ್ಲಿರುವ ಪುಸ್ತಕ ಇದು. ನೀವು ಯಾವ ಆಧಾರದ ಮೇಲೆ 'ಜಾಸ್ತಿಯಾಯಿತು' ಅಂತೀರಿ?
— ಓದುಗರು, ಸರಸ್ವತಿಪುರಂ, ಮೈಸೂರು

ಪಟ್ಟಿ 2005ರದು, 1923ರಿಂದೀಚಿನ ಇಂಗ್ಲಿಷ್ ಕಾದಂಬರಿಗಳದು. ಅದಕ್ಕೂ ಮುಂಚೆ, 1988ರಲ್ಲಿ, ಹ್ಯೂಗೋ ಪ್ರಶಸ್ತಿಯೂ ಬಂದಿತ್ತು. ಇರಲಿ. ಪಟ್ಟಿಯನ್ನು ಪಕ್ಕಕ್ಕಿಟ್ಟು ಪುಟದ ಮೇಲೆ ಬೆರಳಿಡೋಣ.

ಇಲ್ಲಿ ಬಹುಪಾಲು ಪುಟಗಳು ಮೂರು ಸಾಲು, ಸಾಲಿಗೆ ಮೂರು ಚೌಕ, ಒಟ್ಟು ಒಂಬತ್ತರ ಲೆಕ್ಕದಲ್ಲಿ ನಡೆಯುತ್ತವೆ. ಇದನ್ನು ತಾಳ ಅಂದುಕೊಳ್ಳಿ. ಎರಡು ಚೌಕ ಕೂಡಿಸಿ ಒಂದು ಮಾಡಿದರೆ ಅಲ್ಲಿ ಕಾರ್ವೆ ಬಂದ ಹಾಗೆ, ಕಣ್ಣು ಸ್ವಲ್ಪ ಹೊತ್ತು ನಿಲ್ಲುತ್ತದೆ. ಕೊನೆಯ ಅಧ್ಯಾಯ ಸಾಲಾಗಿ ಆರು ಇಡೀ ಪುಟದ ಚಿತ್ರಗಳಿಂದ ಶುರುವಾಗುತ್ತದೆ. ಹನ್ನೊಂದು ಅಧ್ಯಾಯ ಒಂಬತ್ತರ ಎಣಿಕೆಗೆ ಒಗ್ಗಿಹೋದ ಕಣ್ಣಿಗೆ ಆ ಆರು ಪುಟಗಳ ಹೆಣಗಳು ಬಡಿಯುವುದು ಅದಕ್ಕೇ. ಚೌಕಗಳ ಗಾತ್ರ ಮೊದಲಿನಿಂದಲೂ ಹೇಗೆಂದರೆ ಹಾಗಿದ್ದಿದ್ದರೆ ಆ ಪೆಟ್ಟು ಬೀಳುತ್ತಿರಲಿಲ್ಲ.

5ನೇ ಅಧ್ಯಾಯ ತೆಗೆಯಿರಿ. 28 ಪುಟ. ಕೂಡಿದರೆ 29 ಬರುವ ಯಾವ ಎರಡು ಪುಟವನ್ನಾದರೂ ಪಕ್ಕಪಕ್ಕ ಹಿಡಿಯಿರಿ: 1 ಮತ್ತು 28, 2 ಮತ್ತು 27. ಚೌಕಗಳ ಜೋಡಣೆ ಕನ್ನಡಿಯಲ್ಲಿ ಕಂಡಂತಿರುತ್ತದೆ. ನಟ್ಟನಡುವಿನ 14–15ನೇ ಪುಟಗಳು ಎದುರುಬದುರಾಗಿ ಒಂದೇ ಚಿತ್ರದಂತೆ ಕೂಡಿಕೊಳ್ಳುತ್ತವೆ. ಅಲ್ಲಿಂದ ಅಧ್ಯಾಯ ಬಂದ ದಾರಿಯಲ್ಲೇ ಮಡಚಿಕೊಳ್ಳುತ್ತಾ ಹೋಗುತ್ತದೆ. 4ನೇ ಅಧ್ಯಾಯದ, ಅತಿಮಾನುಷ ಶಕ್ತಿಯ ಡಾ. ಮ್ಯಾನ್‌ಹ್ಯಾಟನ್‌ಗೆ ನಿನ್ನೆ, ಇವತ್ತು, ನಾಳೆ ಮೂರೂ ಒಟ್ಟಿಗೇ ಕಾಣುತ್ತವೆ. ಕೈಯಲ್ಲಿ ಫೋಟೋ ಇರುವ ಚೌಕ, ಅದೇ ಫೋಟೋ ಮಂಗಳ ಗ್ರಹದ ಮರಳಿನ ಮೇಲೆ ಬಿದ್ದಿರುವ ಚೌಕ, ಎರಡೂ ಒಂದೇ ಪುಟದಲ್ಲಿ ನಮ್ಮ ಕಣ್ಣೆದುರಿಗಿವೆ. ಅವನು ಕಾಲವನ್ನು ನೋಡುವ ರೀತಿಗೂ ನಾವು ಕಾಮಿಕ್ಸ್ ಪುಟ ನೋಡುವ ರೀತಿಗೂ ವ್ಯತ್ಯಾಸವಿಲ್ಲ. ಇದು ಗದ್ಯದಲ್ಲಿ ಆಗದು, ಸಿನಿಮಾದಲ್ಲೂ ಆಗದು. ಇಷ್ಟರ ಮಟ್ಟಿಗೆ ಹೊಗಳಿಕೆ ಸಾಲದೇ ಹೋಯಿತು ಎಂದರೂ ಸರಿಯೇ.

ತಕರಾರು ಇರುವುದು ಇದನ್ನು 'ಮಹಾಕಾದಂಬರಿ' ಅನ್ನುವುದರಲ್ಲಿ. ಒಂದು ಕಡೆ ಆಡುತ್ತಿರುವ ಮಾತನ್ನು ಇನ್ನೊಂದು ಕಡೆಯ ಚಿತ್ರದ ಮೇಲೆ ಇಟ್ಟು ವ್ಯಂಗ್ಯ ಹುಟ್ಟಿಸುವುದು ಮೂರ್ ಅವರ ಮೆಚ್ಚಿನ ಪಟ್ಟು. 3ನೇ ಅಧ್ಯಾಯದಲ್ಲಿ ಟಿವಿ ಸಂದರ್ಶನವೊಂದರ ಮಾತುಗಳು ಓಣಿಯ ಹೊಡೆದಾಟದ ಜೊತೆ ಹೆಣೆದುಕೊಳ್ಳುವಾಗ ಭೇಷ್ ಅನ್ನಿಸುತ್ತದೆ. ದೃಶ್ಯ ಬದಲಾಗುವ ಕಡೆಯೆಲ್ಲ ಪೆನ್ಸಿಲ್ ಗುರುತು ಹಾಕುತ್ತಾ ಹೋಗಿ. ಅರ್ಧ ಪುಸ್ತಕ ಮುಗಿಯುವ ಹೊತ್ತಿಗೆ ಮುಂದಿನ ಚೌಕದಲ್ಲಿ ಏನು ಕಾದಿದೆಯೆಂದು ನೀವೇ ಹೇಳಬಲ್ಲಿರಿ. ಆಮೇಲೆ ಪಾತ್ರಗಳು ತಮಗೆ ಅನಿಸಿದ್ದನ್ನು ಆಡುತ್ತಿಲ್ಲ, ಪಕ್ಕದ ಚಿತ್ರಕ್ಕೆ ಒಪ್ಪುವುದನ್ನು ಆಡುತ್ತಿವೆ ಎಂದು ಗೊತ್ತಾಗಿಬಿಡುತ್ತದೆ. ಪುಟ ಕಟ್ಟಿದ ಜಾಣ್ಮೆಯೇ ಮನುಷ್ಯರ ಉಸಿರು ಕಟ್ಟಿಸುತ್ತದೆ. ಅಧ್ಯಾಯದಿಂದ ಅಧ್ಯಾಯಕ್ಕೆ ನಡುರಾತ್ರಿ 12ರತ್ತ ಸರಿಯುವ ಗಡಿಯಾರವೊಂದು ಈ ಪುಸ್ತಕದಲ್ಲಿದೆ. ಕನ್ನಡ ಅಂಕಿಯ ನಮ್ಮ ಮೈಸೂರಿನ ದೊಡ್ಡ ಗಡಿಯಾರದ ಕೆಳಗೆ ನಿಂತವರಿಗೆ ಒಳಗಿನ ಹಲ್ಲುಚಕ್ರ ಕಾಣುವುದಿಲ್ಲ, ಗಂಟೆ ಮಾತ್ರ ಕಾಣುತ್ತದೆ. ಮೂರ್ ಚಕ್ರಗಳನ್ನೂ ತೋರಿಸದೆ ಬಿಡುವವರಲ್ಲ.

ಫೋನಿನಲ್ಲಿ ಒಂದೊಂದೇ ಚೌಕ ಸರಿಸಿಕೊಂಡು ಓದಿದೆ. ನಾಲ್ಕು ಅಧ್ಯಾಯಕ್ಕೆ ಆಕಳಿಕೆ. ತಪ್ಪು ನನ್ನದೋ ಪುಸ್ತಕದ್ದೋ?
— ಓದುಗರು, ಮಂಡ್ಯ

ಫೋನಿನದು. ಬಿಡಿ ಸಂಚಿಕೆಯ ಪುಟ ಸುಮಾರು 17 ಸೆಂ.ಮೀ. ಅಗಲ, 26 ಸೆಂ.ಮೀ. ಎತ್ತರ. ಸಾಲಿಗೆ ಮೂರು ಚೌಕವೆಂದರೆ ಒಂದೊಂದು ಐದು ಸೆಂ.ಮೀ. ಆಸುಪಾಸು. ಏಳು ಸೆಂ.ಮೀ. ಅಗಲದ ಪರದೆಗೆ ಇಡೀ ಪುಟ ತಂದರೆ ಚೌಕ ಎರಡು ಸೆಂ.ಮೀ.ಗೆ ಕುಗ್ಗಿ ಅಕ್ಷರ ಇರುವೆಸಾಲಾಗುತ್ತದೆ. ಅದಕ್ಕೇ ಆ್ಯಪ್ ಒಂದೊಂದೇ ಚೌಕ ತೋರಿಸುತ್ತದೆ. ಹಾಗೆ ತೋರಿಸಿದಾಗ ಎಲ್ಲ ಚೌಕವೂ ಪರದೆ ತುಂಬಿ ಒಂದೇ ಅಳತೆಗೆ ಬಂದುಬಿಡುತ್ತವೆ. ಮೇಲೆ ಹೇಳಿದ ತಾಳ, ಕಾರ್ವೆ, ಕನ್ನಡಿ ಎಲ್ಲ ಹೋಯಿತು. ಉಳಿಯುವುದು ಮಾತು, ಈ ಪುಸ್ತಕದಲ್ಲಿ ಮಾತು ವಿಪರೀತ. ಮೈಸೂರಿನಲ್ಲೇ ಹುಟ್ಟಿದ ಆರ್.ಕೆ. ಲಕ್ಷ್ಮಣ್ ಅವರ ವ್ಯಂಗ್ಯಚಿತ್ರ ಫೋನಿನಲ್ಲೂ ಕೆಡುವುದಿಲ್ಲ. ಅಲ್ಲಿ ಒಂದೇ ಚೌಕದಲ್ಲಿ ಕೆಲಸ ಮುಗಿದಿರುತ್ತದೆ.

ಹತ್ತು ಇಂಚಿನ ಟ್ಯಾಬ್ ಸಿಕ್ಕರೆ ಅಡ್ಡ ಹಿಡಿಯದೆ ಉದ್ದಕ್ಕೆ ಹಿಡಿಯಿರಿ. ಮೊದಲು ಅಕ್ಷರ ಓದಬೇಡಿ. ಪುಟವನ್ನು ಐದು ಸೆಕೆಂಡು ಸುಮ್ಮನೆ ನೋಡಿ, ಆಮೇಲೆ ಮಾತಿಗಿಳಿಯಿರಿ. ಅಚ್ಚಾದ ಪುಸ್ತಕ ಕೊಳ್ಳುವುದಾದರೆ ಅಂಗಡಿಯಲ್ಲೇ 5ನೇ ಅಧ್ಯಾಯದ ನಡುಪುಟ ಬಿಡಿಸಿ ನೋಡಿ. ಅಂಟು ಹಾಕಿದ ದಪ್ಪ ಪೇಪರ್‌ಬ್ಯಾಕ್‌ಗಳಲ್ಲಿ ಚಿತ್ರದ ನಡುಭಾಗ ಬೆನ್ನಿನ ಮಡಿಕೆಗೆ ಹೋಗಿ ಕೂತಿರುತ್ತದೆ. ಬಣ್ಣವೂ ಎಲ್ಲ ಮುದ್ರಣಗಳಲ್ಲಿ ಒಂದೇ ಅಲ್ಲ. 2005ರ ದೊಡ್ಡ ಆವೃತ್ತಿಗಾಗಿ ಹಿಗಿನ್ಸ್ ತಾವೇ ಬಣ್ಣ ತಿದ್ದಿದರು.

ನಡುನಡುವೆ ಬರುವ ಕಡಲ್ಗಳ್ಳರ ಕಥೆ ಬಿಟ್ಟು ಓದಬಹುದೇ?
— ಓದುಗರು, ಮಳವಳ್ಳಿ

ಮೊದಲ ಓದಿಗೆ ಬಿಡಿ, ನಷ್ಟ ಕಡಿಮೆ. ಮನೆಯವರನ್ನು ಉಳಿಸಲು ಧಾವಿಸುವವನೇ ಘೋರ ಎಸಗುತ್ತಾನೆ ಎಂಬ ಆ ಕಥೆ ಸಂಚುಕೋರ ಓಝಿಮ್ಯಾಂಡಿಯಾಸನ ನೆರಳು. ಕೊನೆಯ ಅಧ್ಯಾಯದಲ್ಲಿ ಅವನು ತನಗೆ ಬೀಳುವ ಈಜಿನ ಕನಸೊಂದರ ಮಾತೆತ್ತಿ ಅರ್ಧಕ್ಕೇ ನಿಲ್ಲಿಸುತ್ತಾನೆ. ಆ ಅರ್ಧ ವಾಕ್ಯ ಹೊಳೆಯಬೇಕಾದರೆ ಮಾತ್ರ ಹಿಂದೆ ಹೋಗಿ ಕಡಲ್ಗಳ್ಳರನ್ನು ಓದಬೇಕು.

ಹೆಣ್ಣುಪಾತ್ರಗಳ ಬಗ್ಗೆ ಆಕ್ಷೇಪ ಎತ್ತಿದರೆ "ಇವತ್ತಿನ ಕನ್ನಡಕ ಹಾಕಿಕೊಂಡು 1986ನ್ನು ನೋಡಬೇಡಿ" ಅನ್ನುತ್ತಾರೆ. ಏನು ಉತ್ತರ ಕೊಡಲಿ?
— ವಿದ್ಯಾರ್ಥಿನಿ, ಮಾನಸಗಂಗೋತ್ರಿ, ಮೈಸೂರು

ಇಸವಿಯ ಜಗಳಕ್ಕೆ ಇಳಿಯಬೇಡಿ, ಕಥೆಯ ಕಟ್ಟಡದ ಪ್ರಶ್ನೆ ಎತ್ತಿ. 2ನೇ ಅಧ್ಯಾಯದಲ್ಲಿ ಕಮೀಡಿಯನ್ ಎಂಬುವನು ಜೊತೆಯ ಮುಖವಾಡಧಾರಿ ಸ್ಯಾಲಿಯ ಮೇಲೆ ಅತ್ಯಾಚಾರಕ್ಕೆ ಕೈಹಾಕುತ್ತಾನೆ. 9ನೇ ಅಧ್ಯಾಯದಲ್ಲಿ, ಅವನೇ ತನ್ನ ತಂದೆ ಎಂದು ಸ್ಯಾಲಿಯ ಮಗಳು ಲಾರಿಗೆ ತಿಳಿಯುತ್ತದೆ. ಅವಳು ಕುಸಿದುಬೀಳುವ ಆ ಗಳಿಗೆಯಲ್ಲಿ ಕಥೆ ತಿರುಗುವುದು ಯಾರ ಕಡೆಗೆ? ಡಾ. ಮ್ಯಾನ್‌ಹ್ಯಾಟನ್ ಕಡೆಗೆ. ಇಂಥ ಅಸಂಭವದಿಂದ ಒಂದು ಜೀವ ಹುಟ್ಟಿತಲ್ಲ ಎಂದು ಬೆರಗಾಗಿ ಅವನು ಭೂಮಿಗೆ ಮರಳಲು ಒಪ್ಪುತ್ತಾನೆ. ಅವಳ ನೋವು ಅವನ ಬೀಗಕ್ಕೆ ಕೀಲಿಕೈ. ಅವಳಿಗೆ ಆಮೇಲೆ ಏನಾಯಿತು ಎಂಬುದಕ್ಕೆ ಸಿಗುವ ಜಾಗ ತೀರಾ ಕಡಿಮೆ. ಈ ಲೆಕ್ಕ ಹಾಕಲು ಯಾವ ಕಾಲದ ಕನ್ನಡಕವೂ ಬೇಡ.

ಎದುರುವಾದವನ್ನೂ ಗೌರವದಿಂದ ಮುಂದಿಡಿ. ಅದೇ ಅಧ್ಯಾಯದ ಕೊನೆಯ ಪುಟಗಳಲ್ಲಿ ಸ್ಯಾಲಿ ಕೂಡಿಟ್ಟ ಪತ್ರಿಕಾ ತುಣುಕುಗಳಿವೆ. ಅಲ್ಲಿ ಅವಳು ಸರಳವಾಗಿ ಒಂದು ಕಡೆಗೆ ವಾಲದ ಹೆಂಗಸು. ಪುಸ್ತಕದ ಕೊನೆಗೆ ಕಮೀಡಿಯನ್ ಇರುವ ಹಳೆಯ ಫೋಟೋಗೆ ಅವಳು ಮುತ್ತಿಡುತ್ತಾಳೆ. ಕೆಲವರಿಗೆ ಇದು ಮನುಷ್ಯರ ಗೋಜಲನ್ನು ಧೈರ್ಯವಾಗಿ ತೋರಿಸಿದ್ದು, ಇನ್ನು ಕೆಲವರಿಗೆ ಅಪರಾಧಿಗೆ ಕೊಟ್ಟ ಮಾಫಿ. ನಮ್ಮ ಮಟ್ಟಿಗೆ ಎರಡನೆಯದೇ ಹತ್ತಿರ. ಮುತ್ತಿಗೆ ಮೊದಲು ಅವಳ ಮನಸ್ಸಿನಲ್ಲಿ ನಡೆದ ಹೊಯ್ದಾಟಕ್ಕೆ ಒಂದು ಪುಟವನ್ನಾದರೂ ಕೊಟ್ಟಿದ್ದರೆ ಹೀಗನ್ನುತ್ತಿರಲಿಲ್ಲ.

ಮುಕ್ತಾಯ ಹಳೆಯ ಟಿವಿ ಧಾರಾವಾಹಿಯಿಂದ ಕದ್ದಿದ್ದಂತೆ, ಹೌದೇ?
— ಓದುಗರು, ಶ್ರೀರಂಗಪಟ್ಟಣ

ಕದ್ದಿದ್ದು ಎನ್ನಲಾಗದು, ಹೋಲಿಕೆ ಮಾತ್ರ ಇದೆ. ಅನ್ಯಗ್ರಹದ ಭಯ ಹುಟ್ಟಿಸಿ ದೇಶಗಳನ್ನು ಒಂದಾಗಿಸುವ ಕಥೆ 'ದಿ ಔಟರ್ ಲಿಮಿಟ್ಸ್' ಸರಣಿಯಲ್ಲಿ 1963ರಲ್ಲೇ ಬಂದಿತ್ತು. ಓಝಿಮ್ಯಾಂಡಿಯಾಸನ ಸಂಚೂ ಅಂಥದೇ. ಸಂಪಾದಕ ಲೆನ್ ವೀನ್ ಅವರಿಗೆ ಈ ಮುಕ್ತಾಯ ಒಪ್ಪಿಗೆಯಿರಲಿಲ್ಲ. ಮೂರ್ ಬಿಟ್ಟುಕೊಡಲಿಲ್ಲ, ಬದಲಿಗೆ ಕೊನೆಯ ಅಧ್ಯಾಯದ ಟಿವಿಯಲ್ಲಿ ಆ ಕಂತನ್ನು ನೆನಪಿಸಿ ಋಣ ಒಪ್ಪಿಕೊಂಡರು. ಮುಕ್ತಾಯದ ನಿಜವಾದ ದೋಷ ಬೇರೆ: ಊರಿನ ಮಧ್ಯೆ ಪ್ರತ್ಯಕ್ಷವಾಗುವ ಆ ದೈತ್ಯ ಪ್ರಾಣಿಯ ಸುಳಿವುಗಳು ಕಾಣೆಯಾದ ಲೇಖಕ, ಯಾವುದೋ ದ್ವೀಪ ಎಂದು ಅಲ್ಲೊಂದು ಇಲ್ಲೊಂದು ಚೂರಾಗಿ ಚದುರಿವೆ. ತಿಂಗಳಿಗೊಂದು ಸಂಚಿಕೆ ಓದಿದವರು ಅದನ್ನೆಲ್ಲ ನೆನಪಿಟ್ಟುಕೊಳ್ಳಬೇಕಿತ್ತು. 2009ರ ಸಿನಿಮಾ ಪ್ರಾಣಿಯನ್ನೇ ತೆಗೆದು, ಆಪಾದನೆಯನ್ನು ಡಾ. ಮ್ಯಾನ್‌ಹ್ಯಾಟನ್ ತಲೆಗೆ ಕಟ್ಟಿತು. ಕಥೆ ಬಿಗಿಯಾಯಿತು, ವಿಲಕ್ಷಣತೆ ಹೋಯಿತು.

ಅಭ್ಯಾಸಕ್ಕೆಂದು ನಾಲ್ಕು ಪುಟ ಕನ್ನಡಕ್ಕೆ ತರುತ್ತಿದ್ದೇನೆ. ಪಾತ್ರಗಳ ಮಾತು ಬರೆಯುವ ಗುಳ್ಳೆಯಲ್ಲಿ ಕನ್ನಡ ಹಿಡಿಸುತ್ತಿಲ್ಲ, ಹಿಡಿಸಿದರೂ ಸಪ್ಪೆ. ಎಲ್ಲಿ ಎಡವುತ್ತಿದ್ದೇನೆ?
— ಓದುಗರು, ಮದ್ದೂರು

ಮನೆಯೊಳಗಿನ ಅಭ್ಯಾಸವಾದರೆ ಸರಿ. ವಿಮರ್ಶೆಗೆ ಒಂದೆರಡು ಚೌಕ ಉದ್ಧರಿಸುವುದು ಬೇರೆ, ಅನುಮತಿಯಿಲ್ಲದೆ ಪುಟಗಳನ್ನು ಅಚ್ಚು ಹಾಕುವುದು ಬೇರೆ.

ಮೊದಲು ಜಾಗದ ಮಾತು. ಗಿಬ್ಬನ್ಸ್ ಅಕ್ಷರಗಳನ್ನೂ ತಾವೇ ಕೈಯಲ್ಲಿ ಬರೆದಿದ್ದಾರೆ. ಎಲ್ಲವೂ ದೊಡ್ಡಕ್ಷರ, ಮೇಲೆ ಕೆಳಗೆ ಚಾಚುವುದೇನೂ ಇಲ್ಲ, ಹಾಗಾಗಿ ಸಾಲುಗಳನ್ನು ಒತ್ತಾಗಿ ಜೋಡಿಸಬಹುದು. ಕನ್ನಡದಲ್ಲಿ ಮೇಲೆ ಗುಡಿಸು, ಕೆಳಗೆ ಒತ್ತು. ಅದೇ ಸಾಲಂತರ ಇಟ್ಟರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. 9 ಪಾಯಿಂಟ್ ಅಕ್ಷರಕ್ಕೆ 13–14 ಪಾಯಿಂಟ್ ಸಾಲಂತರ ಇಡಿ. ಅಂದರೆ ಇಂಗ್ಲಿಷಿನ ಐದು ಸಾಲಿನ ಜಾಗದಲ್ಲಿ ನಿಮಗೆ ಸಿಗುವುದು ಮೂರು ಸಾಲು, ಬಹಳವಾದರೆ ನಾಲ್ಕು.

ಎರಡನೆಯದು ಅಗಲ. ಐದು ಸೆಂ.ಮೀ. ಚೌಕದ ಗುಳ್ಳೆಯೊಳಗೆ ನಾಲ್ಕು ಸೆಂ.ಮೀ. ಸಿಕ್ಕರೆ ಸಾಲಿಗೆ ಹನ್ನೆರಡು ಹದಿಮೂರು ಅಕ್ಷರ. 'ಹೋಗಬೇಕಾಗಿತ್ತಲ್ಲವೇ' ಒಂದೇ ಪದ ಎಂಟು ಅಕ್ಷರ ತಿನ್ನುತ್ತದೆ. ಅದನ್ನು ನಡುವೆ ತುಂಡರಿಸಿದರೆ ಓದು ಮುಗ್ಗರಿಸುತ್ತದೆ. 'ಹೋಗ್ಬೇಕಿತ್ತು, ಅಲ್ವಾ' ಎಂದರೆ ಆರು ಅಕ್ಷರ, ಅದೂ ಎರಡು ಪದ, ಅವುಗಳ ನಡುವೆ ಸಾಲು ಮುರಿಯಬಹುದು. ಆದರೆ ಗಮನಿಸಿ: ಆಡುಮಾತಿಗೆ ತಂದಂತೆಲ್ಲ ಅಗಲ ಉಳಿಯುತ್ತದೆ, ಒತ್ತು ಹೆಚ್ಚುತ್ತದೆ, ಎತ್ತರ ತಿನ್ನುತ್ತದೆ. ಅಗಲದ ಗುಳ್ಳೆಗೆ ಒಂದು ರೂಪ, ಎತ್ತರದ ಗುಳ್ಳೆಗೆ ಇನ್ನೊಂದು ರೂಪ ಎಂದು ಆರಿಸಿಕೊಳ್ಳಿ. ಪುಟ ಜೋಡಿಸುವ ತಂತ್ರಾಂಶ ಇನ್‌ಡಿಸೈನ್‌ನಲ್ಲಿ ಒತ್ತಕ್ಷರ ಬಿಡಿಬಿಡಿಯಾಗಿ ಬೀಳುತ್ತಿದ್ದರೆ ಪ್ಯಾರಾಗ್ರಾಫ್ ಕಂಪೋಸರ್ ಅನ್ನು 'ವರ್ಲ್ಡ್-ರೆಡಿ'ಗೆ ಬದಲಿಸಿ, ಸರಿಹೋಗುತ್ತದೆ.

ಸಪ್ಪೆಯಾಗಲು ಕಾರಣ ಎರಡು. ಮುಖವಾಡದವರಲ್ಲೊಬ್ಬನಾದ ರೋರ್‌ಶಾಕ್‌ನ ದಿನಚರಿಯ ಇಂಗ್ಲಿಷ್ ಕಚ್ಚುವುದು ಅವನು 'ನಾನು' ಮುಂತಾದ್ದನ್ನು ಕತ್ತರಿಸಿ ಎಸೆಯುವುದರಿಂದ. ಕನ್ನಡದಲ್ಲಿ 'ನಾನು' ಬಿಟ್ಟರೆ ಯಾರಿಗೂ ಏನೂ ಅನಿಸುವುದಿಲ್ಲ, ನಾವು ದಿನವೂ ಬಿಡುತ್ತೇವೆ. ಕನ್ನಡದಲ್ಲಿ ಕತ್ತರಿಸಬೇಕಾದ್ದು ಕ್ರಿಯಾಪದ: "ರಾತ್ರಿ ಮಳೆ. ಕೈಲಿ ಟಾರ್ಚು. ಬಾಗಿಲಿಗೆ ಹೊಸ ಬೀಗ." ಹೀಗೆ ಬರೆದು, ಎಲ್ಲೋ ಒಂದು ಕಡೆ ಮಾತ್ರ 'ಮುರಿದೆ' ಅನ್ನಿ.

ಎರಡನೆಯ ಕಾರಣ ಪದಗಳ ಸಾಲು. ವಾಕ್ಯ ಎರಡು ಚೌಕಕ್ಕೆ ಹರಿದಾಗ ಇಂಗ್ಲಿಷಿನಲ್ಲಿ 'ಕೊಂದೆ' ಮೊದಲ ಚೌಕದಲ್ಲಿ, ಯಾರನ್ನು ಎಂಬುದು ಎರಡನೆಯದರಲ್ಲಿ. ನೇರವಾಗಿ ತಂದರೆ ಕನ್ನಡದಲ್ಲಿ ಅದು ಹಿಂದುಮುಂದಾಗಿ, ಚಿತ್ರ ತೋರಿಸುವ ಮೊದಲೇ ಮಾತು ಗುಟ್ಟು ಬಿಟ್ಟುಕೊಡುತ್ತದೆ. "ನಾನು ಕೊಂದಿದ್ದು…" ಎಂದು ಮೊದಲ ಚೌಕಕ್ಕೆ, "ಒಂದು ಮಗುವಿನ ಅಪ್ಪನ್ನ" ಎಂದು ಎರಡನೆಯದಕ್ಕೆ ಇಡಿ. ನಾಲಿಗೆಗೂ ಒಗ್ಗುತ್ತದೆ, ಚಿತ್ರಕ್ಕೂ ಹೊಂದುತ್ತದೆ.

ಹಾಗಾದರೆ ನೀವು ಹೊಗಳುವ ಪುಸ್ತಕ ಯಾವುದು ಸ್ವಾಮಿ?
— ಓದುಗರು, ಚಾಮುಂಡಿಪುರಂ, ಮೈಸೂರು

'ಭೀಮಾಯನ'. 2011ರಲ್ಲಿ ನವಯಾನ ಪ್ರಕಾಶನ ತಂದಿದ್ದು. ದುರ್ಗಾಬಾಯಿ ವ್ಯಾಮ್ ಮತ್ತು ಸುಭಾಷ್ ವ್ಯಾಮ್ ಅವರ ಪರಧಾನ್ ಗೊಂಡ ಬುಡಕಟ್ಟಿನ ಶೈಲಿಯ ಚಿತ್ರಗಳಲ್ಲಿ ಅಂಬೇಡ್ಕರ್ ಬದುಕು. ಇಲ್ಲಿ ಚೌಕಗಳೇ ಇಲ್ಲ. ದಿಗ್ನ ಎಂಬ ಅಲಂಕಾರದ ಪಟ್ಟಿ ಪುಟವನ್ನು ಅಡ್ಡಾದಿಡ್ಡಿ ಸೀಳಿಕೊಂಡು ಹೋಗುತ್ತದೆ. ಮೆದು ಮಾತಿಗೆ ಹಕ್ಕಿಯಾಕಾರದ ಗುಳ್ಳೆ, ವಿಷದ ಮಾತಿಗೆ ಚೇಳಿನ ಕೊಂಡಿ. ನೀರು ಕೊಡಲೊಲ್ಲದವನ ಮಾತಿಗೆ ಆ ಕೊಂಡಿ ಅಂಟಿಕೊಂಡಾಗ ವಿವರಣೆಯೇ ಬೇಕಿಲ್ಲ.

ಇದಕ್ಕೂ ಹೊಗಳಿಕೆ ವಿಷಯ ನೋಡಿಯೇ ಹೆಚ್ಚು ಬಂದಿದೆ, ಪುಟ ನೋಡಿ ಕಡಿಮೆ. ತೊಡಕೂ ಇದೆ. ಚೌಕವಿಲ್ಲದ ಕಡೆ ಮುಂದಿನ ಮಾತು ಯಾವುದೆಂದು ಕಣ್ಣು ತಡಕಾಡುತ್ತದೆ, ತುಂಬಿದ ಪುಟಗಳಲ್ಲಿ ಎರಡು ಮೂರು ಸಲ ಹಿಂದೆ ಬರಬೇಕಾಗುತ್ತದೆ. ದಾರಿ ತಪ್ಪಿದರೆ ಗುಳ್ಳೆಗಳನ್ನು ಬಿಟ್ಟು, ಚಿತ್ರದಲ್ಲಿರುವವರ ಮುಖ, ಬೆರಳು ಯಾವ ಕಡೆಗಿವೆ ನೋಡಿ. ಮುಂದಿನ ಮಾತು ಸಾಮಾನ್ಯವಾಗಿ ಅದೇ ದಿಕ್ಕಿನಲ್ಲಿರುತ್ತದೆ.