ದಿನಕ್ಕೊಂದು ಅಡುಗೆಮನೆಯ ಸಂಗತಿ ಕಲಿತು, ಅದನ್ನು ಮರೆಯದಂತೆ ಉಳಿಸಿಕೊಳ್ಳುವುದು ಹೇಗೆ?

ದಿನಕ್ಕೊಂದರಂತೆ ಬರೆದಿಟ್ಟುಕೊಂಡ ಸಂಗತಿಗಳೆಲ್ಲ ಎರಡು ವಾರಕ್ಕೆ ಮರೆತುಹೋಗುತ್ತವೆ, ನೆನಪಿನಲ್ಲಿ ಉಳಿಯಲು ಪುಸ್ತಕ ಒಳ್ಳೆಯದೋ ವಿಡಿಯೊ ಒಳ್ಳೆಯದೋ ಎಂದು ಕೇಳಿದ್ದೀರಿ. ಮದುವೆಯಾಗಿ ಬೇರೆ ಮನೆ ಹೂಡಿದ ಹೊಸದರಲ್ಲಿ ನಾನೂ ಇಂಥದೇ ಒಂದು ನೋಟ್‌ಬುಕ್ ಇಟ್ಟಿದ್ದೆ. ಅದರಲ್ಲಿ ಬರೆದದ್ದೆಲ್ಲವೂ ನನಗೆ ಬಾಯಿಪಾಠವಾಗಿತ್ತು. ಆದರೆ ಬೇಕಾದ ಹೊತ್ತಿಗೆ ಆ ಬಾಯಿಪಾಠ ಯಾವ ಕೆಲಸಕ್ಕೂ ಬರಲಿಲ್ಲ.

ಅದರ ಒಂದು ಪುಟದಲ್ಲಿ, ತಾಮ್ರದ ಪಾತ್ರೆಯಲ್ಲಿ ರಾತ್ರಿಯಿಡೀ ಇಟ್ಟ ನೀರನ್ನು ಬೆಳಿಗ್ಗೆ ಕುಡಿಯುವುದು ಒಳ್ಳೆಯದೆಂದು ಬರೆದುಕೊಂಡಿದ್ದೆ. ಇನ್ನೊಂದು ಪುಟದಲ್ಲಿ, ಕಪ್ಪಿಟ್ಟ ತಾಮ್ರವನ್ನು ಹುಣಸೆಹಣ್ಣಿನಿಂದಲೋ ನಿಂಬೆಹೋಳಿನಿಂದಲೋ ಉಜ್ಜಿದರೆ ಥಳಥಳ ಹೊಳೆಯುತ್ತದೆ ಎಂಬ ಮಾತಿತ್ತು. ಈ ಎರಡು ಸಂಗತಿಗಳನ್ನು ಅಕ್ಕಪಕ್ಕ ಇಟ್ಟು ಒಮ್ಮೆಯೂ ಯೋಚಿಸಲಿಲ್ಲ.

ಆ ವರ್ಷದ ರಾಮನವಮಿಗೆ ಬೀದಿಯವರನ್ನೆಲ್ಲ ಪಾನಕ ಕೋಸಂಬರಿಗೆ ಕರೆದಿದ್ದೆವು. ಹಿಂದಿನ ರಾತ್ರಿಯೇ ಬೆಲ್ಲ ಕರಗಿಸಿ, ಧಾರಾಳವಾಗಿ ನಿಂಬೆರಸ ಹಿಂಡಿ, ಏಲಕ್ಕಿ ಮತ್ತು ಮೆಣಸಿನ ಪುಡಿ ಬೆರೆಸಿ, ತಂಪಾಗಿರಲೆಂದು ಹೊಸದಾಗಿ ಕೊಂಡು ತಂದಿದ್ದ ತಾಮ್ರದ ಕೊಳಗಕ್ಕೆ ಸುರಿದು ಮುಚ್ಚಿಟ್ಟೆ. ಅಜ್ಜಿಯ ಮನೆಯಲ್ಲಿಯೂ ಪಾನಕವನ್ನು ತಾಮ್ರದ ಕೊಳಗದಲ್ಲಿಯೇ ಮಾಡುತ್ತಿದ್ದುದನ್ನು ಕಂಡಿದ್ದೆನಾದ್ದರಿಂದ ಅನುಮಾನವೇ ಬರಲಿಲ್ಲ. ಮರುದಿನ ಪಾನಕ ಕುಡಿದವರಲ್ಲಿ ಹಲವರಿಗೆ ಒಂದು ಗಂಟೆಯೊಳಗೇ ಹೊಟ್ಟೆ ತೊಳಸಿ ವಾಂತಿ ಶುರುವಾಯಿತು. ತಡವಾಗಿ ಬಂದ ದೊಡ್ಡಮ್ಮ ಒಂದು ಗುಟುಕು ಬಾಯಿಗಿಟ್ಟವರೇ ಉಗಿದು, “ಕಿಲುಬು ಹತ್ತಿದೆ ಕಣೇ, ಇನ್ನು ಯಾರಿಗೂ ಕೊಡಬೇಡ” ಎಂದರು. ಎದುರುಮನೆಯ ಅಜ್ಜಿಯವರನ್ನು ಆಸ್ಪತ್ರೆಗೆ ಸೇರಿಸಿ ಆ ರಾತ್ರಿ ಡ್ರಿಪ್ ಹಾಕಿಸಬೇಕಾಯಿತು. ಅವರು ಚೇತರಿಸಿಕೊಂಡರು. ಆದರೆ ಆ ಬೀದಿಯಲ್ಲಿ ಇದ್ದಷ್ಟು ಕಾಲವೂ ನಮ್ಮ ಮನೆಯಿಂದ ಕಳುಹಿಸಿದ ತಿಂಡಿಯನ್ನು ಜನ ಹಿಂಜರಿಯುತ್ತಲೇ ತೆಗೆದುಕೊಳ್ಳುತ್ತಿದ್ದರು.

ಉಳಿದ ಪಾನಕವನ್ನು ಚೆಲ್ಲಿ ಕೊಳಗದೊಳಗೆ ಇಣುಕಿದಾಗ ಕಂಡದ್ದನ್ನು ನೀವು ಸರಿಯಾಗಿ ಕಲ್ಪಿಸಿಕೊಳ್ಳಬೇಕು. ಪಾನಕ ನಿಂತಿದ್ದ ಮಟ್ಟದವರೆಗೆ ತಾಮ್ರ ಆಗತಾನೇ ಉಜ್ಜಿದಂತೆ ಗುಲಾಬಿಗೆಂಪಾಗಿ ಹೊಳೆಯುತ್ತಿತ್ತು. ಆ ಮಟ್ಟಕ್ಕಿಂತ ಮೇಲೆ, ಗೆರೆ ಎಳೆದಷ್ಟು ಸ್ಪಷ್ಟವಾಗಿ, ಮಾಸಲು ಕಂದು ಬಣ್ಣ ಹಾಗೆಯೇ ಉಳಿದಿತ್ತು. ನಿಂಬೆ ತಾಮ್ರವನ್ನು ಹೊಳೆಯಿಸುವುದೆಂದರೆ ತಾಮ್ರಕ್ಕೆ ಗಾಳಿಯ ಆಮ್ಲಜನಕ ಸೇರಿ ಕಟ್ಟಿದ ಆಕ್ಸೈಡ್ ಪದರವನ್ನು ಕರಗಿಸುವುದು. ಕರಗಿದ ತಾಮ್ರ ಎಲ್ಲಿಗೂ ಮಾಯವಾಗುವುದಿಲ್ಲ, ಆ ಹುಳಿಯೊಳಗೇ ಸೇರಿಕೊಳ್ಳುತ್ತದೆ. ಪಾತ್ರೆ ಉಜ್ಜುವಾಗ ಆ ನೀರು ಬಚ್ಚಲಿಗೆ ಹೋಗುತ್ತದೆ, ನಮ್ಮ ಮನೆಯಲ್ಲಿ ಅದು ಲೋಟಗಳಿಗೆ ಹೋಯಿತು. ಒಮ್ಮೆ ಕರಗಿದರೆ ಅಲ್ಲಿಗೆ ಮುಗಿಯುವುದೂ ಇಲ್ಲ. ಪಾನಕದಲ್ಲಿ ಕರಗಿರುವ ಗಾಳಿಯ ಆಮ್ಲಜನಕ ತಾಮ್ರದ ಮೇಲೆ ಮತ್ತೆ ಪದರ ಕಟ್ಟುತ್ತದೆ, ಹುಳಿ ಅದನ್ನೂ ಕರಗಿಸುತ್ತದೆ, ರಾತ್ರಿಯಿಡೀ ಇದು ನಡೆಯುತ್ತಲೇ ಇರುತ್ತದೆ. ಹುಳಿಯನ್ನು ಅಳೆಯುವ ಅಂಕಿಗೆ ಪಿಎಚ್ ಎನ್ನುತ್ತಾರೆ, ಅದು ಕಡಿಮೆಯಾದಷ್ಟೂ ಹುಳಿ ಹೆಚ್ಚು. ನಿಂಬೆರಸದ ಪಿಎಚ್ ಸುಮಾರು 2ರಿಂದ 3ರೊಳಗೆ ಇರುತ್ತದೆ. ಪಿಎಚ್ 6ಕ್ಕಿಂತ ಕಡಿಮೆಯಿರುವ ಆಹಾರ ತಾಮ್ರಕ್ಕೆ ತಾಗಬಾರದೆಂದು ಅಮೆರಿಕದ ಆಹಾರ ಸುರಕ್ಷತಾ ಸಂಹಿತೆ ಹೇಳುತ್ತದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 2 ಮಿಲಿಗ್ರಾಂ ತಾಮ್ರವೇ ಮಿತಿ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ. ಸಾದಾ ನೀರು ಹುಳಿಯಲ್ಲವಾದ್ದರಿಂದ ಅದರೊಳಗೆ ಕರಗುವ ತಾಮ್ರ ಬಹಳ ಕಡಿಮೆ. ನೀರಿಗೆ ಹೇಳಿದ ಮಾತನ್ನು ಪಾನಕಕ್ಕೆ ಅನ್ವಯಿಸಿದ್ದೇ ನನ್ನ ತಪ್ಪು.

ಹಾಗಾದರೆ ಅಜ್ಜಿಯ ಕೊಳಗದಲ್ಲಿ ಏಕೆ ಹೀಗಾಗುತ್ತಿರಲಿಲ್ಲ? ದೊಡ್ಡಮ್ಮ ಹೇಳುವವರೆಗೂ ನನಗೆ ಹೊಳೆದಿರಲಿಲ್ಲ: ಅದಕ್ಕೆ ಒಳಗೆ ಕಲಾಯಿ ಹಾಕಿಸಿದ್ದರು. ಕಲಾಯಿಯವರು ಪಾತ್ರೆಯನ್ನು ಮರಳಿನಿಂದ ಉಜ್ಜಿ, ತಿದಿಯೊತ್ತಿ ಕೆಂಡದ ಮೇಲೆ ಕಾಯಿಸಿ, ನವಸಾಗರವೆಂಬ ಲವಣದ ಪುಡಿ ಉದುರಿಸುತ್ತಾರೆ. ಬಿಳಿಯ ಹೊಗೆ ಏಳುತ್ತದೆ, ಪಾತ್ರೆಯ ಮೇಲಿನ ಆಕ್ಸೈಡ್ ಕಿತ್ತುಹೋಗುತ್ತದೆ. ಆಗ ತವರದ ಕಡ್ಡಿಯನ್ನು ತಾಗಿಸಿದರೆ ಅದು 232 ಡಿಗ್ರಿ ಸೆಲ್ಸಿಯಸ್‌ಗೇ ಕರಗುವುದರಿಂದ, ಹತ್ತಿಯಿಂದ ಒರೆಸುತ್ತಿದ್ದಂತೆ ಒಳಮೈಗೆಲ್ಲ ಬೆಳ್ಳಗೆ ಹರಡಿಕೊಳ್ಳುತ್ತದೆ. ತವರ ನಿಂಬೆ ಹುಣಸೆಗಳ ಹುಳಿಯನ್ನು ಬಹುಮಟ್ಟಿಗೆ ತಡೆಯುತ್ತದೆ. ನಾನು ಕೊಂಡ ಕೊಳಗ ನೀರು ತುಂಬಿಡಲೆಂದು ಮಾಡಿದ್ದು, ಅದಕ್ಕೆ ಕಲಾಯಿ ಇರಲಿಲ್ಲ. ಹಿರಿಯರು ಸಾರು ಹುಳಿಗಳಿಗೆ ಕಲಾಯಿ ಹಾಕಿಸಿದ ಹಿತ್ತಾಳೆಯನ್ನೋ ಕಲ್ಲುಮರಿಗೆಯನ್ನೋ, ಉಪ್ಪಿನಕಾಯಿಗೆ ಪಿಂಗಾಣಿ ಜಾಡಿಯನ್ನೋ ಬಳಸುತ್ತಿದ್ದುದು ಸುಮ್ಮನೆ ಅಲ್ಲ.

ಆದ್ದರಿಂದ ನಿಮ್ಮ ಪ್ರಶ್ನೆಯ ಬುಡವನ್ನೇ ನಾನು ಒಪ್ಪುವುದಿಲ್ಲ. ಪುಸ್ತಕವೋ ವಿಡಿಯೊವೋ ಎಂಬುದು ಮುಖ್ಯವಲ್ಲ, ದಿನಕ್ಕೊಂದು ಎಂಬ ಲೆಕ್ಕವೇ ಸರಿಯಿಲ್ಲ. ವಾರಕ್ಕೊಂದು ಸಂಗತಿ ಸಾಕು, ಆದರೆ ಅದು ಏಕೆ ಹಾಗಾಗುತ್ತದೆ ಎಂದು ತಿಳಿದುಕೊಂಡು, ಅದೇ ಕಾರಣ ಮನೆಯಲ್ಲಿ ಬೇರೆಲ್ಲಿ ಕೆಲಸ ಮಾಡುತ್ತಿದೆ ಎಂದು ಹುಡುಕದೆ ಮುಂದಿನದಕ್ಕೆ ಹೋಗಬೇಡಿ. ಹುಳಿ ಎಂಬ ಒಂದೇ ದಾರ ಹಿಡಿದರೆ ಎಷ್ಟು ಸಿಕ್ಕುತ್ತದೆ ನೋಡಿ. ಬೇಳೆ ಬೇಯುವ ಮೊದಲೇ ಹುಣಸೆರಸ ಹಾಕಿದರೆ ಬೇಳೆ ಗಟ್ಟಿಯಾಗಿಯೇ ಉಳಿಯುತ್ತದೆ, ಏಕೆಂದರೆ ಅದರ ಜೀವಕೋಶಗಳನ್ನು ಅಂಟಿಸಿ ಹಿಡಿದಿರುವ ಪೆಕ್ಟಿನ್ ಹುಳಿಯಲ್ಲಿ ಬೇಗ ಸಡಿಲವಾಗುವುದಿಲ್ಲ. ಬೀನ್ಸ್ ಹುಳಿಯಲ್ಲಿ ಬೆಂದರೆ ಮಾಸಲು ಹಸಿರಾಗುತ್ತದೆ, ಏಕೆಂದರೆ ಅದಕ್ಕೆ ಹಸಿರು ಬಣ್ಣ ಕೊಡುವ ಪತ್ರಹರಿತ್ತಿನೊಳಗಿನ ಮೆಗ್ನೀಸಿಯಂ ಕಳಚಿಕೊಳ್ಳುತ್ತದೆ. ಸಿಂಕ್ ತೊಳೆಯಲು ಅಡುಗೆ ಸೋಡಾ ಮತ್ತು ವಿನೆಗರ್ ಬೆರೆಸಿ ಎಂಬ ಸಲಹೆ ವಾಟ್ಸ್‌ಆ್ಯಪ್‌ನಲ್ಲಿ ಎಲ್ಲರಿಗೂ ಬಂದಿರುತ್ತದೆ. ಹುಳಿಯೂ ಕ್ಷಾರವೂ ಒಂದನ್ನೊಂದು ಕೊಂದು ನೊರೆ ಇಳಿದ ಮೇಲೆ ಅಲ್ಲಿ ಉಳಿಯುವುದು ಹೆಚ್ಚುಕಡಿಮೆ ಉಪ್ಪುನೀರು. ಶೌಚಾಲಯ ತೊಳೆಯುವ ಆ್ಯಸಿಡ್‌ಗೆ ಬ್ಲೀಚಿಂಗ್ ಪುಡಿಯನ್ನು ಮಾತ್ರ ಎಂದೂ ಬೆರೆಸಬೇಡಿ, ಕ್ಲೋರಿನ್ ಅನಿಲ ಹೊರಟು ಶ್ವಾಸಕೋಶವನ್ನು ಸುಡುತ್ತದೆ. ಕಾರಣ ತಿಳಿದವರು ಈ ಎಚ್ಚರಿಕೆಯನ್ನು ಬಾಯಿಪಾಠ ಮಾಡಬೇಕಾಗಿಲ್ಲ.

ಮೊದಲ ವಾರಕ್ಕೆ ಅರಿಶಿನವನ್ನು ತೆಗೆದುಕೊಳ್ಳಿ. ಹಳೆಯ ಬಿಳಿಬಟ್ಟೆಯ ತುಂಡಿಗೆ ಅರಿಶಿನ ಹಚ್ಚಿ ಬಟ್ಟೆ ಸೋಪು ತಿಕ್ಕಿದರೆ ಸೋಪಿನ ಕ್ಷಾರಕ್ಕೆ ಕೆಂಪಾಗುತ್ತದೆ, ಮೇಲೆ ನಿಂಬೆ ಹಿಂಡಿದರೆ ಮತ್ತೆ ಹಳದಿಯಾಗುತ್ತದೆ. ಆರತಿಗೆ ಓಕುಳಿ ನೀರು ಮಾಡುವಾಗ ಅರಿಶಿನಕ್ಕೆ ಸುಣ್ಣ ಬೆರೆಸುವುದೂ ಇದೇ ಕಾರಣಕ್ಕೆ, ಸುಣ್ಣವೂ ಕ್ಷಾರವೇ. ಕಲೆ ಹೋಗಬೇಕೆಂದಿದ್ದರೆ ತುಂಡನ್ನು ಒದ್ದೆಯಾಗಿರುವಾಗಲೇ ಬಿಸಿಲಿಗೆ ಹಾಕಿ ನೋಡಿ. ಅರಿಶಿನದ ಬಣ್ಣ ಬೆಳಕಿಗೆ ಒಡೆಯುತ್ತದೆ.